ಓದುವವರ ಸರಂಜಾಮು

ವಾಚನಾಲಯಕ್ಕೆ ಬರುವ ಬಂಧುಗಳು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದುಂಟು: "ಓದುವುದೇನೋ ಓದುತ್ತೇವೆ, ತಿಂಗಳು ಕಳೆಯುವುದರೊಳಗೆ ಏನೂ ನೆನಪಿನಲ್ಲಿ ಉಳಿಯುವುದಿಲ್ಲ. ಏನು ಮಾಡುವುದು?" ಹೀಗೆ ಕೇಳುವವರ ಜ್ಞಾಪಕಶಕ್ತಿ ಕಡಿಮೆಯೆಂದು ಯಾರೂ ತಿಳಿಯಬಾರದು. ಹೊಟೇಲಿನ ಗಲ್ಲಾದ ಮುಂದೆ ಕುಳಿತು ಹತ್ತು ಮೇಜುಗಳ ಹಣವನ್ನು ಬಾಯಿಲೆಕ್ಕದಲ್ಲಿ ಹೇಳುವವರು ಅವರು; ಕಚೇರಿಯ ಯಾವ ಕಾಗದ ಯಾವ ಕಪಾಟಿನಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳುವವರು. ವ್ಯತ್ಯಾಸವಿರುವುದು ಸರಂಜಾಮಿನಲ್ಲಿ. ಕೆಲಸದ ಜಾಗದಲ್ಲಿ ನಮಗೆ ಬಿಲ್ಲು ಪುಸ್ತಕವಿದೆ, ಕೀರ್ದಿಯಿದೆ, ಖಾತೆಯಿದೆ, ಹಾಜರಿಪಟ್ಟಿಯಿದೆ. ಓದಲು ಕುಳಿತಾಗ ಮಾತ್ರ ಬರಿಗೈಯಲ್ಲಿ ಕುಳಿತುಕೊಳ್ಳುತ್ತೇವೆ. ಗಿರಣಿಯ ಕಚೇರಿಯಲ್ಲಿ ಒಂದು ದಿನದ ಹಾಜರಿ ಬರೆಯದೆ ಬಿಟ್ಟರೆ ಕೆಲಸಗಾರನ ಒಂದು ದಿನದ ಪಗಾರವೇ ಹೋದೀತು. ಓದಿದ್ದಕ್ಕೆ ಎಲ್ಲಿಯೂ ಗುರುತು ಹಾಕದೆ ಬಿಡುವುದೂ ಅಂಥದೇ. ದುಡಿಮೆ ದುಡಿದಾಯಿತು, ಪಗಾರ ಕೈಗೆ ಬರಲಿಲ್ಲ.

ಇದು ಬರಿಯ ಹವ್ಯಾಸದ ಮಾತಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಮುಂಬಯಿಯಲ್ಲಿ ನಮ್ಮ ದಿನವೆಲ್ಲ ಮರಾಠಿ, ಹಿಂದಿ, ಗುಜರಾತಿ, ಇಂಗ್ಲಿಷುಗಳಲ್ಲಿ ಸಾಗುತ್ತದೆ. ಹೆಚ್ಚಿನವರ ಮಕ್ಕಳು ಕಲಿಯುವುದು ಬೇರೆ ಭಾಷೆಯ ಶಾಲೆಯಲ್ಲಿ. ಕನ್ನಡದ ಅಕ್ಷರ ಕಣ್ಣಿಗೆ ಬೀಳುವುದು ದಿನಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಅಷ್ಟೇ. ಆ ಗಂಟೆಯಲ್ಲಿ ಓದಿದ್ದು ನಿಲ್ಲದಿದ್ದರೆ ಓದಿನ ರುಚಿ ಕೆಡುತ್ತದೆ. ರುಚಿ ಕೆಟ್ಟರೆ ಆ ಗಂಟೆಯೂ ಬೇರೆ ಕಡೆಗೆ ಹರಿದುಹೋಗುತ್ತದೆ. ಹತ್ತು ವರ್ಷ ಹೀಗೆ ಕಳೆದವರಿಗೆ ಊರಿನ ಪತ್ರಿಕೆಯ ಒಂದು ಅಂಕಣ ಓದುವುದೂ ತ್ರಾಸವಾಗುವುದನ್ನು ನಾವು ಕಂಡಿದ್ದೇವೆ. ಅಕ್ಷರ ಮರೆತಿರುವುದಿಲ್ಲ, ಓದಿನ ಓಟ ಹೋಗಿರುತ್ತದೆ. ಆದುದರಿಂದ ಓದುವವರು ಇಟ್ಟುಕೊಳ್ಳತಕ್ಕ ಕೆಲವು ಸಾಮಾನುಗಳ ವಿಚಾರವನ್ನು ಇಲ್ಲಿ ಬರೆಯುತ್ತೇವೆ. ಇವು ಅಗ್ಗದವು, ಹತ್ತು ಅಡಿಯ ಖೋಲಿಯಲ್ಲಿ ಆರು ಮಂದಿಯೊಡನೆ ಇರುವವರೂ ಟ್ರಂಕಿನ ಒಂದು ಮೂಲೆಯಲ್ಲಿ ಇಟ್ಟುಕೊಳ್ಳಬಹುದಾದವು.

ಓದಿಗೆ ಸರಂಜಾಮು ಬೇಕೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಓಲೆಗರಿಯ ಮೇಲೆ ಕಂಠವೆಂಬ ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆದು, ಮೇಲೆ ಮಸಿ ಸವರಿ ಒರೆಸುತ್ತಿದ್ದರು. ಗೀರಿನಲ್ಲಿ ಮಸಿ ನಿಂತು ಅಕ್ಷರ ಎದ್ದು ಕಾಣುತ್ತಿತ್ತು. ಗ್ರಂಥ ಓದಲು ಮಡಚುವ ವ್ಯಾಸಪೀಠವಿತ್ತು. ಪುಸ್ತಕ ನೆಲಕ್ಕೆ ತಾಗದು, ಅದರ ಬೆನ್ನು ಮುರಿಯದು, ಓದುವವನ ಎರಡು ಕೈಗಳೂ ಬಿಡುವಾಗಿರುವುವು. ಶಾನುಭೋಗರೂ ವರ್ತಕರೂ ಕಡತವನ್ನು ಇಡುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವುದು. ಬೇಡವಾದುದನ್ನು ಅಳಿಸಿ ಮತ್ತೆ ಬರೆಯುವುದು. ಶೃಂಗೇರಿ ಮಠದಲ್ಲಿ ಉಳಿದು ಬಂದ ಕಡತಗಳು ಚರಿತ್ರೆ ಬರೆಯುವವರಿಗೆ ಆಧಾರಗಳಾಗಿವೆ. ಕಚೇರಿಯ ಫೈಲಿಗೆ ಇಂದು ನಾವು ಕಡತವೆನ್ನುವುದು ಆ ಹಳೆಯ ಹೆಸರನ್ನೇ. ಅಂದಮೇಲೆ ಗುಮಾಸ್ತರಿಗೂ ಕಾರಕೂನರಿಗೂ ಈ ವಿಚಾರ ಹೊರಗಿನದೇನಲ್ಲ.

ಮೊದಲನೆಯ ಸಾಮಾನು ಬೆಳಕು. ಖೋಲಿಯ ದೀಪ ಸಾಮಾನ್ಯವಾಗಿ ಛಾವಣಿಯ ನಡುವೆ ಅಥವಾ ಬಾಗಿಲ ಮೇಲಿರುತ್ತದೆ. ಅದಕ್ಕೆ ಬೆನ್ನು ಮಾಡಿ ಕುಳಿತರೆ ನಮ್ಮ ತಲೆಯ ನೆರಳೇ ಪುಟದ ಮೇಲೆ ಬೀಳುತ್ತದೆ. ಮಂದ ಬೆಳಕಿನಲ್ಲಿ ಓದಿದರೆ ಕಣ್ಣೇ ಹೋಗುತ್ತದೆಂಬ ಹೆದರಿಕೆಗೆ ಆಧಾರವಿಲ್ಲ. ಆದರೆ ಕಣ್ಣು ಬೇಗ ದಣಿಯುತ್ತದೆ, ತಲೆ ನೋಯುತ್ತದೆ, ಹತ್ತು ಪುಟಕ್ಕೆ ಪುಸ್ತಕ ಕೆಳಗಿಡುವಂತಾಗುತ್ತದೆ. ಅಷ್ಟು ನಷ್ಟ ಸಾಲದೇ? ಒಂದು ಸಣ್ಣ ಎಲ್‌ಇಡಿ ಮೇಜಿನ ದೀಪ, ಇಲ್ಲವೇ ಪುಸ್ತಕಕ್ಕೆ ಸಿಕ್ಕಿಸುವ ದೀಪ ಇಟ್ಟುಕೊಳ್ಳುವುದು ಒಳ್ಳೆಯದು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡಗಡೆಯಿಂದ ಬರಬೇಕು. ಪುಟದ ಮೇಲೆ ಬೀಳಬೇಕು, ಕಣ್ಣಿಗೆ ಹೊಡೆಯಬಾರದು, ಪಕ್ಕದಲ್ಲಿ ಮಲಗಿದವರ ಮುಖಕ್ಕಂತೂ ಬೀಳಲೇಬಾರದು. 9 ವ್ಯಾಟಿನ ಎಲ್‌ಇಡಿ ಬಲ್ಬು ಹಳೆಯ ಕಾಲದ 60 ವ್ಯಾಟಿನ ಬಲ್ಬಿನಷ್ಟು ಬೆಳಕು ಕೊಡುತ್ತದೆ. ದಿನಕ್ಕೆ ಒಂದು ಗಂಟೆಯಂತೆ ತಿಂಗಳಿಡೀ ಉರಿಸಿದರೂ ಖರ್ಚಾಗುವುದು ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ತು. ಬಿಲ್ಲಿನಲ್ಲಿ ಪಾಲು ಕೊಡುವ ಖೋಲಿಯ ಗೆಳೆಯರು ಗೊಣಗುವುದಕ್ಕೆ ಕಾರಣವಿಲ್ಲ.

ಎರಡನೆಯದು ಕಣ್ಣು. ನಲವತ್ತರ ಸುಮಾರಿಗೆ ಕಣ್ಣಿನೊಳಗಿನ ಮಸೂರ ಬಿರುಸಾಗಿ, ಹತ್ತಿರದ ಅಕ್ಷರಕ್ಕೆ ಬೇಕಾದಷ್ಟು ಬಾಗದಂತಾಗುತ್ತದೆ. ನಮ್ಮವರು ಇದಕ್ಕೆ ಚಾಳೀಸು ಎಂದು ಹೆಸರಿಟ್ಟಿರುವುದು ನಲವತ್ತೆಂಬ ಲೆಕ್ಕದಿಂದಲೇ. ಪತ್ರಿಕೆಯನ್ನು ಮಾರುದ್ದ ದೂರ ಹಿಡಿದು ಓದತೊಡಗಿದವರು "ಈಗೀಗ ಓದಿನಲ್ಲಿ ಮನಸ್ಸಿಲ್ಲ" ಎನ್ನುವುದುಂಟು. ಮನಸ್ಸು ಇದ್ದೇ ಇದೆ, ಕನ್ನಡಕ ಇಲ್ಲ. ಬೀದಿಯಲ್ಲಿ ಸಿಗುವ ಸಿದ್ಧ ಕನ್ನಡಕವನ್ನು ಕೊಳ್ಳುವುದಕ್ಕೆ ಮೊದಲು ಒಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಬೇಕು. ಎರಡು ಕಣ್ಣುಗಳ ಅಳತೆ ಬೇರೆ ಬೇರೆ ಇರಬಹುದು, ಒಳಗೆ ಬೇರೆ ರೋಗವೂ ಇದ್ದೀತು. ಸಯನ್ನಿನ ಲೋಕಮಾನ್ಯ ತಿಲಕ ಮುನಿಸಿಪಲ್ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ. ಅರ್ಧ ದಿನದ ರಜೆ ಹೋದೀತು. ಮುಂದಿನ ಹತ್ತಾರು ವರ್ಷಗಳ ಓದು ಉಳಿದೀತು.

ಮೂರನೆಯದು ಪೆನ್ಸಿಲು. 1795ರಲ್ಲಿ ಫ್ರಾನ್ಸಿನ ಕೋಂಟೆ ಎಂಬವನು ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ, ಸುಟ್ಟು, ಕಡ್ಡಿ ಮಾಡುವ ರೀತಿಯನ್ನು ಕಂಡುಹಿಡಿದನು. ಮಣ್ಣು ಹೆಚ್ಚಾದಷ್ಟೂ ಕಡ್ಡಿ ಗಟ್ಟಿ, ಗೆರೆ ತೆಳು. ಗ್ರಾಫೈಟ್ ಹೆಚ್ಚಾದಷ್ಟೂ ಕಡ್ಡಿ ಮೆದು, ಗೆರೆ ಕಪ್ಪು. ಪೆನ್ಸಿಲಿನ ಮೇಲೆ ಎಚ್ ಎಂದಿದ್ದರೆ ಗಟ್ಟಿ, ಬಿ ಎಂದಿದ್ದರೆ ಕಪ್ಪು, ಎಚ್‌ಬಿ ನಡುವಣದು. ಓದುವವರಿಗೆ ಎಚ್‌ಬಿ ಸಾಕು. ನಟರಾಜ, ಅಪ್ಸರಾ ಪೆನ್ಸಿಲುಗಳ ಹಿಂದೂಸ್ಥಾನ್ ಪೆನ್ಸಿಲ್ಸ್ ಸಂಸ್ಥೆ 1958ರಲ್ಲಿ ಹುಟ್ಟಿದ್ದು ಈ ಮುಂಬಯಿಯಲ್ಲೇ; ದಾಂಡೇಕರರು ಕ್ಯಾಮ್ಲಿನ್ ಶಾಯಿಯ ಉದ್ಯಮವನ್ನು 1931ರಲ್ಲಿ ತೊಡಗಿದ್ದೂ ಇಲ್ಲಿಯೇ. ಶಾಯಿ ಚೆಂದವೇ ಸರಿ, ಆದರೆ ಮಳೆಗಾಲದ ಲೋಕಲ್ ಗಾಡಿಯಲ್ಲಿ ಒಂದು ಹನಿ ಬಿದ್ದರೆ ಹರಡುತ್ತದೆ. ಪೆನ್ಸಿಲಿನ ಬರಹ ನೀರಿಗೆ ಹರಡುವುದಿಲ್ಲ. ಒಂದು ವಡಾಪಾವಿನ ದುಡ್ಡಿಗೆ ಎರಡು ಪೆನ್ಸಿಲು ಬರುತ್ತವೆ.

ಪೆನ್ಸಿಲನ್ನು ಎಲ್ಲಿ ಆಡಿಸಬೇಕೆಂಬುದಕ್ಕೆ ನಿಯಮವಿದೆ. ಸ್ವಂತ ಪುಸ್ತಕವಾದರೆ ಅಂಚಿನಲ್ಲಿ ಒಂದು ಸಣ್ಣ ಗೆರೆ, ಸಂಶಯ ಬಂದಲ್ಲಿ ಒಂದು ಪ್ರಶ್ನೆಯ ಗುರುತು, ತಿಳಿಯದ ಪದದ ಕೆಳಗೆ ಒಂದು ಚುಕ್ಕೆ. ಅಷ್ಟೇ ಸಾಕು, ಪುಟವಿಡೀ ಗೆರೆ ಎಳೆದರೆ ಒಂದೂ ಎಳೆಯದಂತೆಯೇ. ವಾಚನಾಲಯದ ಪುಸ್ತಕವಾದರೆ ಒಂದು ಚುಕ್ಕೆಯನ್ನೂ ಇಡಕೂಡದು. ಅದಕ್ಕೆ ಚೀಟಿ ಇದೆ.

ನಾಲ್ಕನೆಯದಾದ ಚೀಟಿಗೆ ಖರ್ಚೇ ಇಲ್ಲ. ಹಳೆಯ ಕ್ಯಾಲೆಂಡರಿನ ಹಾಳೆ, ಮದುವೆಯ ಕರೆಯೋಲೆ, ಒಂದೇ ಬದಿ ಅಚ್ಚಾದ ಕಾಗದ, ಯಾವುದಾದರೂ ಆದೀತು. ಐದು ಅಂಗುಲ ಉದ್ದ, ಮೂರು ಅಂಗುಲ ಅಗಲವಾಗಿ ಕತ್ತರಿಸಿ ನಾಲ್ಕೈದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡರೆ ಪುಟದ ಗುರುತಿಗೂ ಆಯಿತು, ಬರೆಯುವುದಕ್ಕೂ ಆಯಿತು. ಗ್ರಂಥಾಲಯಗಳ ಸೂಚಿ ಕಾರ್ಡಿನ ಅಳತೆಯೂ ಹೆಚ್ಚು ಕಡಿಮೆ ಇದೇ. ಗಿಡಮರಗಳಿಗೆಲ್ಲ ಶಾಸ್ತ್ರೀಯವಾಗಿ ಹೆಸರಿಟ್ಟ ಸ್ವೀಡನ್ನಿನ ಲಿನೇಯಸ್ 18ನೆಯ ಶತಮಾನದಲ್ಲಿಯೇ ತನ್ನ ಟಿಪ್ಪಣಿಗಳಿಗೆ ಇಂಥ ಚೀಟಿಗಳನ್ನು ಬಳಸಿದ್ದನು. ಒಂದು ಚೀಟಿಗೆ ಒಂದೇ ವಿಷಯ ಎಂಬುದು ಇದರ ಗುಟ್ಟು. ಹಾಗಾದರೆ ಬೇಕಾದಾಗ ಇಸ್ಪೀಟಿನ ಎಲೆಗಳಂತೆ ಜೋಡಿಸಿಕೊಳ್ಳಬಹುದು. ಗಾಡಿಯಲ್ಲಿ ನಿಂತು ಓದುವವರಿಗೆ ಬರೆಯಲು ಕೈ ಬಿಡುವಿರುವುದಿಲ್ಲ; ಅವರು ಪುಟದ ಸಂಖ್ಯೆಯೊಂದನ್ನು ಗೀಚಿಕೊಂಡರೂ ಸಾಕು.

ಐದನೆಯದು ಟಿಪ್ಪಣಿ ಪುಸ್ತಕ. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಇದನ್ನು ಇಡುವ ಕ್ರಮವನ್ನು ನಾವು ಲೆಕ್ಕದ ಪುಸ್ತಕದಿಂದಲೇ ತೆಗೆದುಕೊಂಡಿದ್ದೇವೆ. ಜಮಾ ಒಂದು ಬದಿ, ಖರ್ಚು ಇನ್ನೊಂದು ಬದಿ ಇರುವಂತೆ, ಎಡಗಡೆಯ ಪುಟದಲ್ಲಿ ಪುಸ್ತಕ ಹೇಳಿದ್ದನ್ನು ಬರೆಯುವುದು. ಬಲಗಡೆಯ ಪುಟದಲ್ಲಿ ಅದನ್ನೋದಿ ನಮಗೆ ಅನಿಸಿದ್ದನ್ನು ಬರೆಯುವುದು. ಮೇಲೆ ತಾರೀಖು, ಪುಸ್ತಕದ ಹೆಸರು, ಕರ್ತೃವಿನ ಹೆಸರು, ಪುಟದ ಸಂಖ್ಯೆ. ಎಡಗಡೆಯಲ್ಲಿ ಹತ್ತು ಸಾಲು ನಕಲು ಮಾಡುವುದಕ್ಕಿಂತ ನಮ್ಮ ಮಾತಿನಲ್ಲಿ ಎರಡು ಸಾಲು ಬರೆಯುವುದು ಮೇಲು. ನಮ್ಮ ಮಾತಿನಲ್ಲಿ ಹೇಳಲು ಬಾರದ್ದು ನಮಗೆ ತಿಳಿದಿರುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇವೆ. ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಬಂದ ಕಾದಂಬರಿ. ಎಡಗಡೆಯಲ್ಲಿ ಹೀಗೆ ಬರೆಯಬಹುದು: "ಚೋಮನಲ್ಲಿ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ, ಬೇಸಾಯದ ಆಸೆಯಿದೆ. ಅವನ ಜಾತಿಯ ಕಾರಣದಿಂದ ಉಳುವುದಕ್ಕೆ ನೆಲ ಸಿಗುವುದಿಲ್ಲ." ಬಲಗಡೆಯಲ್ಲಿ ಓದಿದವನು ತನ್ನದನ್ನು ಬರೆಯಬೇಕು: "ಊರಿನಲ್ಲಿ ನಮ್ಮಜ್ಜ ಉಳುತ್ತಿದ್ದ ಗದ್ದೆ ಯಾರ ಹೆಸರಿನಲ್ಲಿತ್ತು? ಗೇಣಿ ಎಷ್ಟು? ನಮ್ಮ ಕೇರಿಯಲ್ಲಿ ಭೂಮಿ ಸಿಗದೆ ಹೋದವರು ಯಾರು? ಊರಿಗೆ ಹೋದಾಗ ಚಿಕ್ಕಪ್ಪನನ್ನು ಕೇಳಬೇಕು." ಎಡಗಡೆ ಬರೆದದ್ದು ಮರೆತರೂ ಮರೆಯಬಹುದು. ಬಲಗಡೆಯ ಪ್ರಶ್ನೆ ಮರೆಯುವುದಿಲ್ಲ, ಏಕೆಂದರೆ ಅದು ನಮ್ಮ ಮನೆಯದು. ನಾವು ಊರು ಬಿಟ್ಟು ಇಲ್ಲಿಗೆ ಬಂದದ್ದೇಕೆ ಎಂಬುದಕ್ಕೂ ಅದಕ್ಕೂ ಸಂಬಂಧವಿದ್ದೀತು. ಓದಿದ್ದು ನಿಲ್ಲುವುದು ಹೀಗೆ ಬಲಗಡೆಯ ಪುಟ ತುಂಬಿದಾಗ.

ಆರನೆಯದು ನಿಘಂಟು. ದೇಶ ಸುತ್ತು, ಕೋಶ ಓದು ಎಂಬ ಗಾದೆಯಿದೆ. ಹೊಟ್ಟೆಪಾಡಿಗಾಗಿ ದೇಶ ಸುತ್ತಿದ್ದು ನಮಗೆಲ್ಲ ಆಗಿದೆ. ಕೋಶದ ಕೆಲಸ ಉಳಿದಿದೆ. ನಮ್ಮಲ್ಲಿ ಉಡುಪಿಯವರಿದ್ದಾರೆ, ಕಾರವಾರದವರಿದ್ದಾರೆ, ಧಾರವಾಡ ವಿಜಾಪುರದವರಿದ್ದಾರೆ, ಮೈಸೂರಿನವರಿದ್ದಾರೆ. ಒಬ್ಬರ ಮನೆಯ ಮಾತು ಇನ್ನೊಬ್ಬರಿಗೆ ಅಚ್ಚಿನಲ್ಲಿ ಹೊಸದಾಗಿ ಕಾಣುತ್ತದೆ. ಇಂಥ ಪದವನ್ನು ದಾಟಿಕೊಂಡು ಹೋಗುವ ರೂಢಿ ಬಿದ್ದರೆ ಕ್ರಮೇಣ ಪುಟವನ್ನೇ ದಾಟುವ ರೂಢಿಯಾಗುತ್ತದೆ.

ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲರು ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ಸುಮಾರು 70,000 ಪದಗಳು ಅದರಲ್ಲಿವೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ 'ಕನ್ನಡ ನಿಘಂಟು' 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾಯಿತು. ಅದಕ್ಕಾಗಿ ಬಹುಕಾಲ ದುಡಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಹುಟ್ಟಿ, 2021ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಒಂದೊಂದಾಗಿ ಬರೆದು ಕೂಡಿಸಿ ಕಟ್ಟಿದ ಕೆಲಸವದು. ನಾವು ಜೇಬಿನಲ್ಲಿಟ್ಟುಕೊಳ್ಳುವ ಚೀಟಿಗೂ ಆ ಮಹಾಕಾರ್ಯಕ್ಕೂ ಕ್ರಮ ಒಂದೇ. ಎಂಟು ಸಂಪುಟ ಖೋಲಿಯಲ್ಲಿ ಹಿಡಿಸಲಾರವು. ಮನೆಯಲ್ಲಿಡಲು ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ತಕ್ಕದ್ದು. ಕಾರಂತರ 'ಸಿರಿಗನ್ನಡ ಅರ್ಥಕೋಶ'ದ ಹಳೆಯ ಪ್ರತಿ ಸಿಕ್ಕಿದರೂ ಬಿಡಬಾರದು.

ನಿಘಂಟು ಇದ್ದರೂ ಪದ ಹುಡುಕಲು ಬಾರದೆ ಕೆಲವರು ಬೇಸರಗೊಳ್ಳುತ್ತಾರೆ. ಮೂರು ಸೂಚನೆಗಳು ಸಾಕು. ಒಂದು, ಸೊನ್ನೆಯಿರುವ ಪದಗಳು ವ್ಯಂಜನಗಳಿಗಿಂತ ಮೊದಲು ಬರುತ್ತವೆ. ಅಂಕ ಮೊದಲು, ಅಕ್ಕ ಆಮೇಲೆ. ಎರಡು, ಪದದ ಬಾಲವನ್ನು ಬಿಟ್ಟು ಮೂಲವನ್ನು ಹುಡುಕಬೇಕು. 'ಬಂದನು' ಎಂಬುದು 'ಬರು' ಎಂಬಲ್ಲಿ ಸಿಗುತ್ತದೆ. ಮೂರು, ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಅನೇಕ ಕಡೆ ಹಕಾರವಾಗಿದೆ. ಪಾಲು ಹಾಲಾಗಿದೆ, ಪೂ ಹೂವಾಗಿದೆ. ಇಷ್ಟು ತಿಳಿದರೆ ಅರ್ಧ ಕಷ್ಟ ಕಳೆಯಿತು.

ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಇದೆ. ಅದನ್ನು ಬರಿದೆ ಬೈಯುವುದರಿಂದ ಪ್ರಯೋಜನವಿಲ್ಲ. ವಿ. ಕೃಷ್ಣ ಎಂಬವರು ಹಲವು ವರ್ಷ ಶ್ರಮಿಸಿ ಕೂಡಿಸಿದ, ಸುಮಾರು ಒಂದೂವರೆ ಲಕ್ಷ ಪದಗಳ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಅಂತರ್ಜಾಲಕ್ಕೆ ಬಂದಿದೆ, ದುಡ್ಡು ಕೊಡಬೇಕಿಲ್ಲ. ಗಾಡಿಯಲ್ಲಿ ಇದಕ್ಕಿಂತ ಅನುಕೂಲವಾದ ಕೋಶ ಬೇರೆ ಇಲ್ಲ. ಆದರೆ ಪದ ನೋಡಲು ತೆರೆದವರು ಅರ್ಧ ಗಂಟೆಯ ಮೇಲೆ ಬೇರೆಲ್ಲೋ ಇರುವುದುಂಟು. ಆದುದರಿಂದ ತಿಳಿಯದ ಪದಗಳನ್ನು ಚೀಟಿಯಲ್ಲಿ ಕೂಡಿಸಿಕೊಂಡು, ಓದು ಮುಗಿದ ಮೇಲೆ ಒಟ್ಟಿಗೆ ನೋಡುವುದು ಕ್ಷೇಮ. ಓದುವ ಗಂಟೆಯಲ್ಲಿ ಮೊಬೈಲು ಟ್ರಂಕಿನಲ್ಲಿರಲಿ.

ಇನ್ನು ಪುಸ್ತಕದ ರಕ್ಷಣೆ. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2000 ಮಿಲಿಮೀಟರಿಗೂ ಮಿಕ್ಕ ಮಳೆ ಸುರಿಯುತ್ತದೆ. ಗಾಳಿಯ ತೇವ ನೂರಕ್ಕೆ ಎಪ್ಪತ್ತು ದಾಟಿದರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಪುಸ್ತಕದ ಹಲಗೆಯನ್ನು ಗೋಡೆಯಿಂದ ಎರಡು ಅಂಗುಲ ಈಚೆಗಿಡಬೇಕು. ಪುಸ್ತಕಗಳನ್ನು ಒತ್ತಿ ತುರುಕಬಾರದು. ಬಿಸಿಲು ಬಿದ್ದ ದಿನ ಹೊರತೆಗೆದು ಗಾಳಿಯಾಡಿಸಬೇಕು. ನೆಲದಿಂದ ಒಂದೂವರೆ ಅಡಿಯವರೆಗೆ ಪುಸ್ತಕವನ್ನೇ ಇಡಬಾರದೆಂಬುದು ತಗ್ಗಿನ ಜಾಗದವರಿಗೆ ಹೇಳತಕ್ಕ ಮಾತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯಾದುದನ್ನು ಹಳಬರು ಮರೆತಿಲ್ಲ. ನೆನೆದ ಪುಸ್ತಕವನ್ನು ಸುಡುಬಿಸಿಲಿಗೆ ಹಿಡಿದರೆ ಹಾಳೆ ಸೊಟ್ಟಗಾಗುತ್ತದೆ. ಹಾಳೆಗಳ ನಡುವೆ ಒಣ ಕಾಗದವಿಟ್ಟು, ನಿಲ್ಲಿಸಿ, ಪಂಖದ ಗಾಳಿಗೆ ಒಣಗಿಸಬೇಕು.

ಬೆಳ್ಳಿಯ ಬಣ್ಣದ ಪುಸ್ತಕದ ಹುಳಕ್ಕೆ ರಟ್ಟಿನ ಗಂಜಿ ಅಂಟೇ ಆಹಾರ. ಒಣಗಿಸಿದ ಬೇವಿನ ಎಲೆ ಇಡುವ ರೂಢಿ ನಮ್ಮಲ್ಲಿದೆ; ಆಗಾಗ ಬದಲಿಸುತ್ತಿರಬೇಕು. ನುಸಿಗುಳಿಗೆ ಇಡುವವರು ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಬೇಕು. ಹತ್ತು ಮಂದಿ ಮಲಗುವ ಮುಚ್ಚಿದ ಖೋಲಿಯಲ್ಲಿ ಅದು ಬೇಡ. ಹರಿದ ಪುಟಕ್ಕೆ ಸೆಲೋಟೇಪು ಅಂಟಿಸಬೇಡಿರಿ. ಕೆಲವು ವರ್ಷಗಳಲ್ಲಿ ಅದು ಹಳದಿಯಾಗಿ ಉದುರುತ್ತದೆ, ಅಕ್ಷರವನ್ನೂ ಕೆಡಿಸುತ್ತದೆ. ತೆಳು ಕಾಗದದ ಪಟ್ಟಿಯನ್ನು ಮೈದಾ ಗಂಜಿಯಿಂದ ಅಂಟಿಸಿ, ಮೇಲೆ ಭಾರವಿಟ್ಟು ಒಣಗಿಸುವುದು ಸರಿಯಾದ ಕ್ರಮ. ಹೊದಿಕೆಗೆ ಕಂದು ಕಾಗದ, ಅದಿಲ್ಲದಿದ್ದರೆ ಕ್ಯಾಲೆಂಡರಿನ ದಪ್ಪ ಹಾಳೆ.

ಪುಸ್ತಕ ಎಲ್ಲಿಂದ ತರುವುದೆಂಬ ಮಾತೂ ಇದೆ. ಒಂದೇ ನಿಲ್ದಾಣ ದೂರದ ಮಾಟುಂಗದಲ್ಲಿ 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇದೆ. ಅದರ 'ನೇಸರು' ಪತ್ರಿಕೆ ಇಲ್ಲಿಯ ಕನ್ನಡಿಗರಿಗೆ ಪರಿಚಿತ. ಕಿಂಗ್ಸ್ ಸರ್ಕಲ್ಲಿನ ಕಾಲುದಾರಿಯ ಹಳೆ ಪುಸ್ತಕದವರಲ್ಲಿ ಇಂಗ್ಲಿಷಿನವೇ ಹೆಚ್ಚು, ಕನ್ನಡ ಅಪರೂಪ. ಊರಿನಿಂದ ತರಿಸುವವರಿಗೆ ಅಂಚೆ ಇಲಾಖೆ 2025ರ ಮೇ 1ರಂದು 'ಜ್ಞಾನ ಪೋಸ್ಟ್' ಎಂಬ ಸೇವೆಯನ್ನು ತೊಡಗಿದೆ. ಆರಂಭದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ನಾಲ್ಕು ಮಂದಿ ಸೇರಿ ಒಂದು ಕಟ್ಟು ತರಿಸಿ ಹಂಚಿಕೊಂಡು ಓದಿದರೆ ತಲೆಗೆ ಬೀಳುವ ಖರ್ಚು ಅಲ್ಪವೇ.

ಇಷ್ಟೆಲ್ಲ ಸಾಮಾನಿಗೂ ಉದ್ದೇಶ ಒಂದೇ, ಸಮಯ ಉಳಿಸುವುದು. ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಓದುಗನ ಹೊತ್ತನ್ನು ಉಳಿಸಬೇಕೆಂಬುದೂ ಒಂದು. ದಿನವೆಲ್ಲ ಬಿಡುವಿದ್ದವರಿಗೆ ಈ ಸೂತ್ರ ಅಷ್ಟು ಮುಖ್ಯವಾಗಿರಲಾರದು. ಪಾಳಿ ಮುಗಿಸಿ, ಗಾಡಿ ಹಿಡಿದು, ಅಡಿಗೆ ಮಾಡಿ, ಉಳಿದ ಒಂದು ಗಂಟೆಯಲ್ಲಿ ಓದುವ ನಮ್ಮಂಥವರಿಗೆ ಇದು ಮೊದಲನೆಯ ಸೂತ್ರ. ಹಗಲು ಹೊಟೇಲಿನಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತು ಪಾಸಾದ ಹಿರಿಯರು ನಮ್ಮ ನಡುವೆ ಇದ್ದಾರೆ. ಅವರಿಗಿದ್ದ ಬಿಡುವು ನಮಗಿಂತ ಹೆಚ್ಚಿನದೇನಲ್ಲ. ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆವೆಂದು ಹುಡುಕುವುದರಲ್ಲಿ ಕಾಲು ಗಂಟೆ, ಪೆನ್ಸಿಲು ಹುಡುಕುವುದರಲ್ಲಿ ಐದು ನಿಮಿಷ ಹೋದರೆ ಉಳಿಯುವುದೇನು?

ಒಟ್ಟು ಲೆಕ್ಕ ಹೀಗಿದೆ: ಒಂದು ದೀಪ, ಬೇಕಾದವರಿಗೆ ಕನ್ನಡಕ, ಎರಡು ಪೆನ್ಸಿಲು, ಒಂದು ಕಟ್ಟು ಚೀಟಿ, ಒಂದು ನೋಟುಬುಕ್ಕು, ಒಂದು ನಿಘಂಟು. ಎಲ್ಲವನ್ನೂ ಒಂದೇ ಸಲ ಕೊಳ್ಳಬೇಕಾಗಿಲ್ಲ. ಈ ತಿಂಗಳು ಪೆನ್ಸಿಲು, ಚೀಟಿ ಮತ್ತು ನೋಟುಬುಕ್ಕಿನಿಂದ ತೊಡಗಿರಿ. ನಿಘಂಟು ಇಲ್ಲದವರಿಗೆ ವಾಚನಾಲಯದ ಪ್ರತಿ ಮೇಜಿನ ಮೇಲೆಯೇ ಇರುತ್ತದೆ. ಕುಳಿತು ನೋಡಬಹುದು, ಮನೆಗೆ ಒಯ್ಯುವಂತಿಲ್ಲ. ಒಂದೇ ಬದಿ ಅಚ್ಚಾದ ಕಾಗದ, ಹಳೆಯ ಕ್ಯಾಲೆಂಡರುಗಳು ನಿಮ್ಮಲ್ಲಿದ್ದರೆ ತಂದುಕೊಡಿರಿ. ನಾವು ಕತ್ತರಿಸಿ ಚೀಟಿ ಮಾಡಿ ಮೇಜಿನ ಮೇಲಿಡುತ್ತೇವೆ, ಬೇಕಾದವರು ಒಯ್ಯಲಿ. ತಮ್ಮ ನೋಟುಬುಕ್ಕಿನ ಬಲಗಡೆಯ ಪುಟದಿಂದ ನಾಲ್ಕು ಸಾಲು ಬರೆದುಕೊಟ್ಟರೆ ಇದೇ ಪತ್ರಿಕೆಯಲ್ಲಿ ಸಂತೋಷದಿಂದ ಅಚ್ಚು ಹಾಕುತ್ತೇವೆ. ಹೆಸರು ಬೇಡವೆನ್ನುವವರ ಹೆಸರು ಹಾಕುವುದಿಲ್ಲ.